ಒಂದು ಗುಲಗಂಜಿಯಷ್ಟು ಹೆಚ್ಚು

ತಿರುಮಕೂಡಲು ನರಸೀಪುರದ ಗುಂಜಾ ನರಸಿಂಹನ ಬೆರಳ ಸಂದಿಯಲ್ಲಿ ಗುಲಗಂಜಿಯ ಒಂದು ಕಡ್ಡಿ ಇದೆ. ಕಂಬ ಒಡೆದು ಬಂದ ದೇವರಿಗೆ ಶಂಖವೋ ಚಕ್ರವೋ ಇರಲಿ, ಹೊಲದ ಬೇಲಿಯ ಮೇಲೆ ಯಾರೂ ನೆಡದೆ, ಯಾರೂ ನೀರೆರೆಯದೆ ಹಬ್ಬಿಕೊಳ್ಳುವ ಬಳ್ಳಿಯೊಂದನ್ನು ಬೇರು ಕಾಯಿ ಸಮೇತ ಹಿಡಿದುಕೊಳ್ಳುವ ಮನಸ್ಸು ಯಾಕೆ ಬಂತು ಎಂದು ಕೇಳಿದರೆ ಊರವರು ಅಗಸನೊಬ್ಬನ ಕಥೆ ಹೇಳುತ್ತಾರೆ. ಕಾಶಿಯಲ್ಲಿ ಪ್ರಾಣ ಬಿಡಬೇಕು ಎಂದು ಹಂಬಲಿಸಿದ ಅವನಿಗೆ ದೇವರು ಕಾಣಿಸಿಕೊಂಡು, ಅಷ್ಟು ದೂರ ಯಾಕೆ ಹೋಗ್ತೀಯಪ್ಪ, ಈ ನೆಲ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಎಂದನಂತೆ. ನೂರು ಪಟ್ಟು ಹೆಚ್ಚು ಎನ್ನಬಹುದಿತ್ತು, ಕಾಶಿಯ ಹಂಗೇ ಬೇಡ ಎನ್ನಬಹುದಿತ್ತು. ದೇವರು ಅಷ್ಟು ಜಿಪುಣನಾಗಿ, ಅಷ್ಟು ಕರಾರುವಾಕ್ಕಾಗಿ ತನ್ನ ಊರಿನ ಹೆಚ್ಚುಗಾರಿಕೆಯನ್ನು ತೂಗಿ ಹೇಳಿದ್ದು ನನಗೆ ಇಂದಿಗೂ ಬೆರಗು.

ಗುಲಗಂಜಿಯನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡಬೇಕು. ನುಣುಪಾದ ಕೆಂಪು, ಒಂದು ತುದಿಯಲ್ಲಿ ಕಪ್ಪು ಕಣ್ಣು. ಬೀಜಗಳೆಲ್ಲ ಹೆಚ್ಚುಕಡಿಮೆ ಒಂದೇ ತೂಕ, ಸುಮಾರು 120 ಮಿಲಿಗ್ರಾಂ. ಆ ನಂಬಿಕೆಯ ಮೇಲೆಯೇ ಅಕ್ಕಸಾಲಿಗರು ತಲೆಮಾರುಗಳ ಕಾಲ ಚಿನ್ನ ತೂಗಿದರು. ಅದು ಬಿದ್ದ ಕಡೆ ತಕ್ಕಡಿಯ ತಟ್ಟೆ ಕೆಳಗಿಳಿಯುವುದಿಲ್ಲ, ಬರೀ ಒಮ್ಮೆ ಉಸಿರಾಡಿದ ಹಾಗೆ ಅಲುಗುತ್ತದೆ. ಇತ್ತ ಕಪಿಲೆ, ಅತ್ತ ಕಾವೇರಿ, ಕಣ್ಣಿಗೆ ಕಾಣದೆ ತಳದಲ್ಲೆಲ್ಲೋ ಸೇರುತ್ತದೆ ಎನ್ನುವ ಸ್ಫಟಿಕ ಸರೋವರ; ಇಷ್ಟೆಲ್ಲ ನೀರು ಹರಿದು ಬಂದು ಕೂಡುವ ಜಾಗದ ಮಹಿಮೆಯೆಲ್ಲ ಆ ಅಲುಗಾಟದಲ್ಲಿ ಅಡಗಿ ಕೂತಿದೆ.

ಈ ಊರಿನಲ್ಲಿಯೇ ನಿವೃತ್ತ ಮೇಷ್ಟ್ರೊಬ್ಬರು ತಾವು ಕೂಡಿಟ್ಟ, ಅಚ್ಚು ತಪ್ಪಿದ ನೋಟುಗಳನ್ನು ನನಗೆ ತೋರಿಸಿದರು. ಬಾಗಿಲ ಹತ್ತಿರ ಬೆಳಕಿಗೆ ಕುರ್ಚಿ ಎಳೆದುಕೊಂಡು, ಪಂಚೆಗೆ ಕೈ ಒರೆಸಿಕೊಂಡು, ಆಲ್ಬಮ್ಮಿನ ಪ್ಲಾಸ್ಟಿಕ್ ಜೇಬಿನಿಂದ ಹತ್ತು ರೂಪಾಯಿಯ ಒಂದು ನೋಟನ್ನು ಎರಡೇ ಬೆರಳಲ್ಲಿ ಹೊರಗೆಳೆದರು. "ಮುಟ್ಬೇಡಿ ಸಾರ್, ಬೆವರು ತಾಗ್ತದೆ. ಹಿಂಗೇ ನೋಡಿ." ಮೊದಲು ನನಗೇನೂ ಕಾಣಲಿಲ್ಲ. ಗಾಂಧೀಜಿ ಇದ್ದರು, ಗವರ್ನರ್ ಸಹಿ ಇತ್ತು, ಹಿಂಬದಿಯ ಹದಿನೈದು ಭಾಷೆಗಳ ಸಾಲಿನಲ್ಲಿ ನಾಲ್ಕನೆಯದಾಗಿ ನಮ್ಮ "ಹತ್ತು ರೂಪಾಯಿಗಳು" ಇತ್ತು. ಆಮೇಲೆ ಅವರು ಉಗುರಿನ ತುದಿಯಿಂದ ಒಂದು ಮೂಲೆಯನ್ನು ಬಿಡಿಸಿದರು. ಮಡಿಸಿಕೊಂಡಿದ್ದ ಕಾಗದ ತೆರೆದುಕೊಂಡು, ನೋಟಿನ ಗಡಿಯಿಂದಾಚೆಗೆ ತ್ರಿಕೋನದ ಒಂದು ಬಿಳಿ ಚೂರು ಚಾಚಿ ನಿಂತಿತು. ಇಂಥದ್ದನ್ನು ಸಂಗ್ರಹಕಾರರೆಲ್ಲ ಬಟರ್‌ಫ್ಲೈ ಎನ್ನುತ್ತಾರೆ. ಮಡಿಕೆಯ ಗುಂಟ ಬಣ್ಣವಿಲ್ಲದ ಒಂದು ಓರೆ ಗೆರೆ, ಅದರ ಈಚೆ ಅಚ್ಚು, ಆಚೆ ಬೆತ್ತಲೆ ಕಾಗದ. ಹಣವಾಗುವ ಮೊದಲು ಹಣ ಹೇಗಿತ್ತು ಎನ್ನುವುದನ್ನು ಆ ಚೂರು ತೋರಿಸುತ್ತಿತ್ತು.

ನೋಟಿನ ತೂಕ ಹೆಚ್ಚೆಂದರೆ ಒಂದು ಗ್ರಾಂ, ಅಂದರೆ ಎಂಟು ಗುಲಗಂಜಿಯಷ್ಟು. ಆ ಬಿಳಿ ರೆಕ್ಕೆಯ ತೂಕ ಒಂದು ಗುಲಗಂಜಿಯೂ ಇರಲಾರದು. ಆದರೂ ಆ ಹತ್ತರ ನೋಟನ್ನು ಹತ್ತಕ್ಕೆ ಕೇಳಿದರೆ ಮೇಷ್ಟ್ರು ಕೊಡುವುದಿಲ್ಲ.

ಅದು ಹೇಗೆ ಹುಟ್ಟಿತು ಎಂದು ಯೋಚಿಸುತ್ತಾ ಕೂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಮೈಸೂರಿನ ನೋಟು ಮುದ್ರಣ ನಗರ ಇಲ್ಲಿಂದ ದೂರವೇನಲ್ಲ. ರಿಸರ್ವ್ ಬ್ಯಾಂಕು 1995ರಲ್ಲಿ ಕಟ್ಟಿದ ಭಾರತೀಯ ರಿಸರ್ವ್ ಬ್ಯಾಂಕ್ ನೋಟ್ ಮುದ್ರಣ ಕಂಪನಿಯ ಮೈಸೂರು ಮುದ್ರಣಾಲಯ 1996ರಲ್ಲಿ ಕೆಲಸ ಶುರುಮಾಡಿತು. ಆಮೇಲೆ ಅದರ ಪಕ್ಕಕ್ಕೇ ನೋಟಿನ ಕಾಗದದ ಕಾರ್ಖಾನೆ ಬಂತು, 2022ರಲ್ಲಿ ವರ್ಣಿಕಾ ಎನ್ನುವ ಶಾಯಿ ತಯಾರಿಕೆಯ ಘಟಕವೂ ಬಂತು. ಹತ್ತಿಯ ನಾರು ನೀರಲ್ಲಿ ನೆನೆದು, ಅರೆದು, ಹಾಳೆಯಾಗಿ ಹರಡಿಕೊಳ್ಳುವಾಗಲೇ ಅದರೊಳಗೆ ಬೆಳಕಿಗೆ ಹಿಡಿದರೆ ಮಾತ್ರ ಕಾಣುವ ಒಂದು ಮುಖ ಮೂಡಿರುತ್ತದೆ. ಹಾಳೆಯ ಎರಡೂ ಮಗ್ಗುಲಿಗೆ ಹಿನ್ನೆಲೆಯ ಬಣ್ಣಗಳು ಬೀಳುತ್ತವೆ. ದೊಡ್ಡ ಮೊತ್ತದ ನೋಟುಗಳಿಗೆ ಕಣ್ಣಿಲ್ಲದವರ ಬೆರಳಿಗೂ ತಿಳಿಯುವಂಥ ಉಬ್ಬಚ್ಚು ಬೀಳುತ್ತದೆ. ಕೊನೆಯಲ್ಲಿ ಒಂದು ನೋಟಿಗಿದ್ದದ್ದು ಇನ್ನೊಂದಕ್ಕಿಲ್ಲದ ಹಾಗೆ ಸಂಖ್ಯೆ ಬೀಳುತ್ತದೆ. ಆಮೇಲೆ ಅಲಗು ಬಂದು ಹಾಳೆಯನ್ನು ನೋಟುಗಳಾಗಿ ಕತ್ತರಿಸುತ್ತದೆ. ಈ ಎಲ್ಲದರ ನಡುವೆ ಎಂದೋ ಒಂದು ದಿನ, ಒಂದು ಹಾಳೆಯ ಮೂಲೆ ತನ್ನಷ್ಟಕ್ಕೆ ಮಗುಚಿಕೊಂಡಿತು. ಅಚ್ಚು ಮಡಿಕೆಯ ಬೆನ್ನ ಮೇಲೆ ಬಿತ್ತು. ಅಲಗು ಇಳಿದಾಗ, ಕತ್ತರಿಸಿ ಎಸೆಯಬೇಕಿದ್ದ ಅಂಚು ಒಳಕ್ಕೆ ಮುದುಡಿ ಕೂತಿದ್ದರಿಂದ ಬದುಕಿಕೊಂಡಿತು.

ಬದುಕಿಕೊಂಡದ್ದು ಅಲಗಿನಿಂದ ಮಾತ್ರವಲ್ಲ, ಕಣ್ಣುಗಳಿಂದಲೂ. ಕೆಟ್ಟ ನೋಟು ಹೊರಗೆ ಹೋಗಬಾರದು ಎಂದೇ ಅಲ್ಲಿ ನೋಡುವ ಯಂತ್ರಗಳಿವೆ, ನೋಡುವ ಜನರಿದ್ದಾರೆ. ಹಿಡಿದು ತೆಗೆದ ನೋಟಿನ ಜಾಗಕ್ಕೆ ಬೇರೊಂದನ್ನು ಇಡಲು 2006ರಿಂದ ಸಂಖ್ಯೆಯ ನಡುವೆ ಪುಟ್ಟ ನಕ್ಷತ್ರವಿರುವ ನೋಟುಗಳನ್ನು ರಿಸರ್ವ್ ಬ್ಯಾಂಕು ಹೊರಡಿಸುತ್ತಿದೆ. ಮೊದಲು ಹತ್ತು, ಇಪ್ಪತ್ತು, ಐವತ್ತರಲ್ಲಿ, 2016ರ ಕೊನೆಗೆ ಐನೂರರಲ್ಲೂ. ಸ್ಟಾರ್ ನೋಟು ಎಂದು ಸಂಗ್ರಹಕಾರರು ಅದನ್ನೂ ಎತ್ತಿಡುತ್ತಾರೆ. ನಕ್ಷತ್ರ ಕಂಡಲ್ಲೆಲ್ಲ ತಪ್ಪಿದ ನೋಟೊಂದು ಚೂರುಚೂರಾಗಿ ಹೋಗಿದೆ ಎಂದು ತಿಳಿಯಬೇಕು. ಮೇಷ್ಟ್ರ ಕೈಯಲ್ಲಿರುವುದು ಹಾಗೆ ಹೋಗಬೇಕಿದ್ದು ಹೋಗದೆ ಉಳಿದದ್ದು.

ಕಪಿಲೆಯ ಹರಿವಿಗೆ ಎದುರಾಗಿ ಮೇಲಕ್ಕೆ ಬಂದರೆ ನಂಜನಗೂಡು. ಶ್ರೀಕಂಠೇಶ್ವರನ ಹುಂಡಿ ಎಣಿಸುವ ದಿನ ದಾಸೋಹ ಭವನದ ನೆಲದ ಮೇಲೆ ನೋಟುಗಳನ್ನು ಸುರಿಯುತ್ತಾರೆ. ನೋಟಿಗೂ ಒಂದು ವಾಸನೆ ಇರುತ್ತದೆ ಎನ್ನುವುದು ಅಷ್ಟೊಂದು ನೋಟು ಒಟ್ಟಿಗೆ ಬಿದ್ದಾಗಲೇ ಗೊತ್ತಾಗುವುದು: ಬೆವರು, ಅರಿಶಿನ, ಕರ್ಪೂರ, ಸೆರಗಿನ ಗಂಟು, ಒದ್ದೆ ಮಣ್ಣು. ಉರುಳುಸೇವೆ ಮಾಡಿ ಎದ್ದವರು ಹಾಕಿದ್ದು, ತುಲಾಭಾರಕ್ಕೆ ಬಂದವರು ಹಾಕಿದ್ದು, ದೊಡ್ಡ ಜಾತ್ರೆಯಲ್ಲಿ ಐದು ತೇರುಗಳ ಹಗ್ಗ ಹಿಡಿದ ಕೈಗಳು ಹಾಕಿದ್ದು. ನಾಲ್ಕಾಗಿ ಎಂಟಾಗಿ ಮಡಿಸಿದ್ದನ್ನು ಬಿಡಿಸಿ, ಮೊಣಕಾಲಿನ ಮೇಲೆ ತೀಡಿ, ಹತ್ತು ಹತ್ತರ ಜೊತೆ, ನೂರು ನೂರರ ಜೊತೆ ಜೋಡಿಸುತ್ತಾ ಹೋಗುವ ಕೈಗಳು ದಣಿಯುವುದಿಲ್ಲ. ನಡುವೆ ಪರದೇಶದ ನೋಟು ಸಿಗುತ್ತದೆ, ಅದಕ್ಕೊಂದು ಪಕ್ಕದ ರಾಶಿ. 2016ರಲ್ಲಿ ರದ್ದಾದ ಐನೂರು, ಸಾವಿರದ ನೋಟುಗಳು ಆಮೇಲೆಯೂ ಸಿಕ್ಕವು. ಸರ್ಕಾರ ಒಲ್ಲೆ ಎಂದದ್ದನ್ನು ಭಕ್ತರು ದೇವರಿಗೆ ಒಪ್ಪಿಸಿದ್ದರು. ಮೂಲೆ ಮಡಿಸಿದ ಹತ್ತರ ನೋಟೊಂದು ಆ ರಾಶಿಯಲ್ಲಿದ್ದರೆ? ಅಂಗೈ ಅದನ್ನು ತೀಡಿ ಸರಿಮಾಡಿ ಕಟ್ಟಿಗೆ ಸೇರಿಸುತ್ತದೆ. ಹುಂಡಿಯ ಲೆಕ್ಕದಲ್ಲಿ ಅದು ಹತ್ತೇ. ಕೊಟ್ಟವನ ಮನಸ್ಸಿನಲ್ಲಿ ಅದಕ್ಕೆ ಬೇರೆ ಬೆಲೆ ಇದ್ದಿರಬಹುದು, ಅದನ್ನು ಎಣಿಸುವ ಯಂತ್ರ ಬಂದಿಲ್ಲ.

ಅಂತರ್ಜಾಲದ ಸಂತೆಯಲ್ಲಿ ಇದೇ ನೋಟುಗಳ ಪಾಡು ಬೇರೆ. ಅಲ್ಲಿ 786 ಸಂಖ್ಯೆಯ ನೋಟಿಗೆ ಮೂರು ಲಕ್ಷ, ಅಚ್ಚು ಜಾರಿದ ನೋಟಿಗೆ ಐದು ಲಕ್ಷ ಎಂದು ಬರೆದುಕೊಂಡವರಿಗೆ ಲೆಕ್ಕವಿಲ್ಲ. ಬರೆದುಕೊಳ್ಳುವುದಕ್ಕೆ ಯಾರ ಅಪ್ಪಣೆಯೂ ಬೇಡ, ಕಾಸೂ ಬೇಡ. ಅಂಥ ನೋಟು ತಿಂಗಳಾನುಗಟ್ಟಲೆ ಅಲ್ಲೇ ಕೂತಿರುತ್ತದೆ, ಕೇಳುವವರಿಲ್ಲ. ಅದರ ಪಕ್ಕದಲ್ಲೇ, ಕಟಿಂಗ್ ಸ್ವಲ್ಪ ಓರೆಯಾದದ್ದೋ ಸಂಖ್ಯೆ ತುಸು ಕೆಳಗಿಳಿದದ್ದೋ ನಿಜವಾಗಿ ಹರಾಜಾದಾಗ ಕೆಲವು ನೂರು ರೂಪಾಯಿಗೆ ಕೈ ಬದಲಾಗುತ್ತದೆ. ಒಂದು ಮಗ್ಗುಲು ಖಾಲಿಯೇ ಉಳಿದದ್ದು, ದೊಡ್ಡ ರೆಕ್ಕೆ ಬಿಚ್ಚಿಕೊಂಡದ್ದು, ಎಡಗಡೆ ಒಂದು ಸಂಖ್ಯೆ ಬಲಗಡೆ ಇನ್ನೊಂದು ಸಂಖ್ಯೆ ಹೊತ್ತದ್ದು ಸಾವಿರಗಳಿಗೆ ಏರುತ್ತದೆ. ಕೇಳುವ ಬೆಲೆಗೂ ಕೊಡುವ ಬೆಲೆಗೂ ನಡುವಿನ ಈ ಬಯಲಿನಲ್ಲೇ ಮೋಸಗಾರರು ಗುಡಾರ ಹಾಕಿದರು. ನಿಮ್ಮ ಹಳೆಯ ನೋಟಿಗೆ ಲಕ್ಷಗಟ್ಟಲೆ ಕೊಡುತ್ತೇವೆ, ಮೊದಲು ಕಮಿಷನ್ ಕಟ್ಟಿ ಎಂದು ರಿಸರ್ವ್ ಬ್ಯಾಂಕಿನ ಹೆಸರು ಹೇಳಿಕೊಂಡು ಸುಲಿಯುವವರಿದ್ದಾರೆ, ಎಚ್ಚರ ಎಂದು ಆ ಬ್ಯಾಂಕೇ 2021ರ ಆಗಸ್ಟಿನಲ್ಲಿ ಪ್ರಕಟಣೆ ಕೊಡಬೇಕಾಯಿತು.

ಹಾಗೆಂದು ದೊಡ್ಡ ಬೆಲೆಗಳೆಲ್ಲ ಸುಳ್ಳಲ್ಲ. ಅಮೆರಿಕದ ಟೆಕ್ಸಾಸಿನ ಫೋರ್ಟ್ ವರ್ತ್ ಮುದ್ರಣಾಲಯದಲ್ಲಿ, 1996ರ ಸರಣಿಯ ಇಪ್ಪತ್ತು ಡಾಲರಿನ ಒಂದು ನೋಟಿನ ಮೇಲೆ ಬಾಳೆಹಣ್ಣಿಗೆ ಅಂಟಿಸುವ ಡೆಲ್ ಮಾಂಟೆ ಕಂಪನಿಯ ಬಣ್ಣದ ಚೀಟಿಯೊಂದು ಅಂಟಿಕೊಂಡಿತು. ಹಿಂಬದಿ ಮುಂಬದಿಯ ಚಿತ್ರಗಳು ಬಿದ್ದಾದ ಮೇಲೆ, ಮೊಹರು ಮತ್ತು ಸಂಖ್ಯೆ ಬೀಳುವ ಮೊದಲಿನ ಆ ಚಿಕ್ಕ ಬಿಡುವಿನಲ್ಲಿ ಅದು ಬಂದು ಕೂತದ್ದರಿಂದ, ಸರ್ಕಾರದ ಮೊಹರೂ ಸಂಖ್ಯೆಯೂ ಅರ್ಧ ಕಾಗದದ ಮೇಲೆ, ಅರ್ಧ ಬಾಳೆಹಣ್ಣಿನ ಚೀಟಿಯ ಮೇಲೆ ಬಿದ್ದವು. ಓಹಿಯೊದ ಕಾಲೇಜು ಹುಡುಗನೊಬ್ಬನಿಗೆ ಎಟಿಎಮ್ಮಿನಲ್ಲಿ ಸಿಕ್ಕ ಆ ನೋಟು ಇಬೇಯಲ್ಲಿ ಸುಮಾರು ಹತ್ತು ಸಾವಿರ ಡಾಲರಿಗೆ ಹೋಯಿತು, 2006ರ ಹರಾಜಿನಲ್ಲಿ 25,300ಕ್ಕೆ, 2021ರ ಜನವರಿಯಲ್ಲಿ 3,96,000 ಡಾಲರಿಗೆ; ನಮ್ಮ ಲೆಕ್ಕದಲ್ಲಿ ಎರಡೂಮುಕ್ಕಾಲು ಕೋಟಿ ರೂಪಾಯಿಗೂ ಮೇಲೆ.

ಬಾಳೆಹಣ್ಣಿನ ಬೆಲೆ ಎಂದರೆ ನಂಜನಗೂಡಿನವರಿಗೆ ಬೇರೆ ನೆನಪು ಬರುತ್ತದೆ. ರಸಬಾಳೆ ಸಿಪ್ಪೆ ಸುಲಿಯುವ ಮೊದಲೇ ಕೋಣೆಯೆಲ್ಲ ಅದರ ಪರಿಮಳ. ಬೀಜವಿಲ್ಲದ ಈ ಬಾಳೆ ಕಂದಿನಿಂದ ಕಂದಿಗೆ ಹೋಗುತ್ತದೆ, ಪ್ರತಿ ಗಿಡವೂ ತಾಯಿಯ ತದ್ರೂಪು. ಆ ತದ್ರೂಪಿನಿಂದಲೇ ಅದೇ ಕಂಪು ಮೊಮ್ಮಕ್ಕಳ ಕಾಲಕ್ಕೂ ಉಳಿಯಿತು. ಆ ತದ್ರೂಪಿನಿಂದಲೇ ಪನಾಮಾ ಸೊರಗು ರೋಗ ಒಂದಕ್ಕೆ ತಗುಲಿದಾಗ ತೋಟಕ್ಕೆ ತೋಟವೇ ಬಾಡಿತು. ಒಂದೇ ಥರ ಇರುವುದರ ಸುಖವೂ ಭಯವೂ ಅಲ್ಲಿ ಒಟ್ಟಿಗೆ ಬೆಳೆದಿವೆ. ಹಣಕ್ಕೂ ಹೀಗೆಯೇ. ಒಂದು ನೂರು ಇನ್ನೊಂದು ನೂರಿನಂತೆಯೇ ಇದೆ ಎನ್ನುವ ಭರವಸೆಯ ಮೇಲೆ ದೇಶದ ಸಂತೆಯೆಲ್ಲ ನಡೆಯುತ್ತದೆ. ಒಂದು ನೋಟು ಮಾತ್ರ ಬೇರೆ ಥರ ಕಂಡಾಗ ಮೊದಲು ಬರುವುದು ಬೆರಗಲ್ಲ, ಹೆದರಿಕೆ.

2017ರ ಜನವರಿಯಲ್ಲಿ ಮಧ್ಯಪ್ರದೇಶದ ಶ್ಯೋಪುರ ಜಿಲ್ಲೆಯ ರೈತರಿಗೆ ಬ್ಯಾಂಕಿನಿಂದ ಬಂದ ಎರಡು ಸಾವಿರದ ಹೊಸ ನೋಟುಗಳಲ್ಲಿ ಗಾಂಧೀಜಿ ಇರಲಿಲ್ಲ. ಮುಖವಿರಬೇಕಾದ ಜಾಗದಲ್ಲಿ ಬರೀ ಬಯಲು. ಖೋಟಾ ನೋಟೆಂದು ಅವರು ನಡುಗಿಹೋದರು. ನೋಟು ಅಸಲಿಯೇ, ಅಚ್ಚಿನಲ್ಲಿ ತಪ್ಪಾಗಿದೆ ಎಂದು ಹೇಳಿ ಬ್ಯಾಂಕಿನವರು ವಾಪಸು ತೆಗೆದುಕೊಂಡರು. ಆ ಖಾಲಿ ಜಾಗಕ್ಕೆ ಸಂಗ್ರಹಕಾರರು ಎಷ್ಟು ಕೊಡುತ್ತಿದ್ದರೋ, ಆದರೆ ಗೊಬ್ಬರಕ್ಕೆ, ಬೀಜಕ್ಕೆ, ಮಗುವಿನ ಔಷಧಿಗೆ ಹಣ ತರಲು ಹೋದವನಿಗೆ ಬೇಕಾದದ್ದು ಅಪರೂಪದ ನೋಟಲ್ಲ, ಎಲ್ಲರ ನೋಟಿನಂಥ ನೋಟು. ಬೆರಗು ಪಡಲಿಕ್ಕೂ ಸ್ವಲ್ಪ ಬಿಡುವು ಬೇಕು, ಹೊಟ್ಟೆ ತಣ್ಣಗಿರಬೇಕು.

ಹಣವೆಲ್ಲ ಒಂದೇ ಥರ ಕಾಣಬೇಕು ಎನ್ನುವುದು ಹಿಂದೆ ಇರಲಿಲ್ಲ. ಇದೇ ತಾಲ್ಲೂಕಿನ ತಲಕಾಡನ್ನು ಚೋಳರಿಂದ ಗೆದ್ದ ಹೊಯ್ಸಳ ವಿಷ್ಣುವರ್ಧನ, ಸುಮಾರು ಒಂಬೈನೂರು ವರ್ಷದ ಹಿಂದೆ, ಆ ಗೆಲುವನ್ನು ಚಿನ್ನದ ಮೇಲೆ ಒತ್ತಿಸಿದ. ಒಂದು ಮಗ್ಗುಲಲ್ಲಿ ಸಿಂಹ, ಇನ್ನೊಂದರಲ್ಲಿ ಕನ್ನಡದ ಅಕ್ಷರಗಳಲ್ಲಿ ಶ್ರೀ ತಲಕಾಡುಗೊಂಡ ಎಂಬ ಬಿರುದು. ಸುತ್ತಿಗೆ ಎತ್ತಿದ ಕೈ ಒಮ್ಮೆ ನೇರ ಬಿತ್ತು, ಒಮ್ಮೆ ಓರೆ. ಒಂದು ನಾಣ್ಯದಲ್ಲಿ ಸಿಂಹದ ಬಾಲ ಅಂಚಿನಿಂದಾಚೆ ಜಾರಿತು, ಇನ್ನೊಂದರಲ್ಲಿ ಬಿರುದಿನ ಅರ್ಧ ಅಕ್ಷರ ಚಿನ್ನ ಸಾಲದೆ ಉಳಿಯಿತು. ಅದನ್ನು ಯಾರೂ ತಪ್ಪು ಎನ್ನಲಿಲ್ಲ. ಚಿನಿವಾರ ತೂಗಿ ನೋಡಿ ಒಪ್ಪಿಕೊಂಡ. ಕಂಠೀರವ ನರಸರಾಜ ಒಡೆಯರ ಕಾಲದ ಕಂಠೀರಾಯಿ ಹಣದಲ್ಲಂತೂ, ಮೂರು ಗುಲಗಂಜಿ ತೂಕದ ಆ ಚಿನ್ನದ ಚುಕ್ಕೆಯಲ್ಲಿ, ನರಸಿಂಹ ಪೂರ್ತಿ ಹಿಡಿಸಿದ್ದೇ ಒಂದು ಪವಾಡ. ಸೋಮನಾಥಪುರಕ್ಕೆ ಹೋದರೂ ಇದೇ ಮಾತು. ಹದಿಮೂರನೆಯ ಶತಮಾನದ ಆ ಕೇಶವಾಲಯದ ಗೋಡೆಯುದ್ದಕ್ಕೂ ಶಿಲ್ಪಿ ಮಲ್ಲಿತಮ್ಮ ತನ್ನ ಹೆಸರು ಕೊರೆದು ಹೋಗಿದ್ದಾನೆ. ಆನೆಯ ಸಾಲಿನಲ್ಲಿ ಬೆರಳಾಡಿಸುತ್ತಾ ನಡೆದರೆ ಒಂದರ ಸೊಂಡಿಲಿನಂತೆ ಇನ್ನೊಂದರದ್ದಿಲ್ಲ. ಕೈಯಿಂದ ಆಗುವ ಕೆಲಸದಲ್ಲಿ ಎಲ್ಲವೂ ಚೂರು ಚೂರು ಬೇರೆ, ಹಾಗಾಗಿ ಯಾವುದೂ ತಪ್ಪಲ್ಲ. ಎಲ್ಲವನ್ನೂ ತದ್ರೂಪವಾಗಿ ಮಾಡಬಲ್ಲೆವು ಎಂದು ನಾವು ಕಲಿತ ದಿನವೇ ತಪ್ಪೂ ಹುಟ್ಟಿತು, ಅದರ ಹಿಂದೆಯೇ ತಪ್ಪಿನ ಮೇಲಿನ ಈ ಮೋಹವೂ ಹುಟ್ಟಿತು. ಕೋಟಿ ಕೋಟಿ ನೋಟುಗಳ ನಡುವೆ ಮೂಲೆ ಮಡಿಸಿಕೊಂಡ ಒಂದನ್ನು ಕಂಡು ಮೇಷ್ಟ್ರ ಕಣ್ಣು ಹನಿಗೂಡುವುದು, ಯಂತ್ರದೊಳಗೆ ಎಲ್ಲೋ ಇನ್ನೂ ಗಾಳಿ ಆಡುತ್ತಿದೆ, ಏನೋ ಒಂದು ತನ್ನಿಷ್ಟಕ್ಕೆ ನಡೆದುಕೊಂಡಿದೆ ಎಂಬ ಸಮಾಧಾನಕ್ಕೆ ಇರಬೇಕು.

"ಬೇಕು ಅಂತ ಮಾಡಿದ್ರೆ ಇದಕ್ಕೆ ಮೂರು ಕಾಸಿಲ್ಲ ಸಾರ್," ಎಂದರು ಅವರು. ಮನೆಯಲ್ಲಿ ಕೂತು ರಾಸಾಯನಿಕ ಹಚ್ಚಿ ಬಣ್ಣ ತೆಗೆದು, ಅಚ್ಚು ಬಿದ್ದಿಲ್ಲ ಎಂದು ಮಾರುವವರಿದ್ದಾರೆ. ಅದನ್ನು ಕಂಡುಹಿಡಿಯಲು ಅವರು ನೋಟನ್ನು ಕಿಟಕಿಯ ಬೆಳಕಿಗೆ ಓರೆ ಹಿಡಿಯುತ್ತಾರೆ, ಬಿಳಿ ಜಾಗದ ಅಂಚು ಎಲ್ಲಿ ಮುಗಿಯುತ್ತದೆ ಎಂದು ಭೂತಗನ್ನಡಿಯಲ್ಲಿ ಹುಡುಕುತ್ತಾರೆ. ಮಡಿಕೆಯಿಂದ ಉಳಿದ ಬಿಳುಪಾದರೆ ಅಂಚು ಗೆರೆ ಎಳೆದ ಹಾಗೆ ನೇರ. ಅಳಿಸಿ ಮಾಡಿದ ಬಿಳುಪಾದರೆ ಬಣ್ಣ ಒಸರಿ ಮಸುಕು. ಯಾರೂ ಬಯಸದೆ, ಯಾರಿಗೂ ತಿಳಿಯದೆ ಆದದ್ದಕ್ಕೆ ಮಾತ್ರ ಬೆಲೆ. ಕೃಪೆ ಎನ್ನುವುದಕ್ಕೂ ಹಿರಿಯರು ಹೆಚ್ಚುಕಡಿಮೆ ಇದೇ ಲಕ್ಷಣ ಹೇಳುತ್ತಿದ್ದರು.

ಆ ಬೆಲೆಯನ್ನು ಕಟ್ಟುವವರು ಯಾರು? ಗೆದ್ದವನು ಎಂದುಕೊಂಡಿದ್ದೆ. ಮೇಷ್ಟ್ರು ಫೋನಿನಲ್ಲಿ ಇಬೇ ತೆರೆದು ತೋರಿಸಿದಾಗ ಬೇರೆಯದೇ ಕಂಡಿತು. ಹೆಚ್ಚೆಂದರೆ ಇಷ್ಟು ಎಂದು ಪ್ರತಿಯೊಬ್ಬರೂ ಗುಟ್ಟಾಗಿ ಬರೆದಿಡುತ್ತಾರೆ. ಹೊತ್ತು ಮುಗಿದಾಗ ಗೆದ್ದವನು ತಾನು ಬರೆದಷ್ಟನ್ನೂ ತೆರಬೇಕಾಗಿಲ್ಲ. ಎರಡನೆಯವನು ಎಲ್ಲಿ ನಿಂತನೋ ಅಲ್ಲಿಂದ ಒಂದು ಸಣ್ಣ ಹೆಜ್ಜೆ ಹೆಚ್ಚು ಕೊಟ್ಟರೆ ಸಾಕು. ಗೆದ್ದವನ ಮನಸ್ಸಿನ ಆಳ ಎಷ್ಟಿತ್ತು ಎನ್ನುವುದು ಯಾರಿಗೂ ತಿಳಿಯುವುದೇ ಇಲ್ಲ. ಹೊರಗೆ ಕಾಣುವ ಬೆಲೆ ಸೋತವನ ಆಸೆಯ ಅಳತೆ, ಅದರ ಮೇಲೆ ಒಂದು ಗುಲಗಂಜಿ. ಕಾಶಿ ಎಷ್ಟು ದೊಡ್ಡದೋ ಅಷ್ಟೇ ದೊಡ್ಡದಾಯಿತು ನರಸೀಪುರ, ಒಂದು ಬೀಜದ ತೂಕ ಮಾತ್ರ ಕೂಡಿಕೊಂಡು. ಬೆರಗನ್ನು ಒಬ್ಬನೇ ಪಡಬಹುದು, ಅದಕ್ಕೆ ಬೆಲೆ ಬರಬೇಕಾದರೆ ಇನ್ನೊಬ್ಬನೂ ಅಷ್ಟೇ ಬೆರಗಾಗಿರಬೇಕು. ಮೂರು ಲಕ್ಷ ಎಂದು ಬರೆದುಕೊಂಡು ಕಾಯುವವನ ಬಳಿ ನೋಟಿದೆ, ಆಸೆಯಿದೆ, ಆ ಇನ್ನೊಬ್ಬ ಮಾತ್ರ ಇಲ್ಲ.

ಆಲ್ಬಮ್ ಮುಚ್ಚುವಾಗ ಮೇಷ್ಟ್ರು ಹಿಂದಿನ ವಾರದ ಹರಾಜಿನ ಮಾತು ತೆಗೆದರು. ಒಂದು ಮಗ್ಗುಲಿನ ಅಚ್ಚು ಇನ್ನೊಂದು ಮಗ್ಗುಲಿಗೆ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ ಇಳಿದಿದ್ದ ನೂರರ ನೋಟು. ಪೆನ್ಷನ್ನಿನಲ್ಲಿ ಎಷ್ಟಾಗುತ್ತದೋ ಅಷ್ಟೂ ಬರೆದಿಟ್ಟು ಕಾದಿದ್ದರಂತೆ. ಕೊನೆಯ ಗಳಿಗೆಯಲ್ಲಿ ಯಾರೋ ತುಸುವೇ ಹೆಚ್ಚು ಕೊಟ್ಟು ಹೊಡೆದುಕೊಂಡು ಹೋದರು. ಹೆಂಡತಿ ಒಳಗಿನಿಂದ, "ಸದ್ಯ, ದುಡ್ಡು ಉಳೀತಲ್ಲ ಬಿಡಿ" ಎಂದರು. ಮೇಷ್ಟ್ರು ಅವರ ಕಡೆ ತಿರುಗದೆ ನನಗೆ ಹೇಳಿದರು: "ಸೋತ್ರೇನು ಸಾರ್, ಅದಕ್ಕೆ ಬೆಲೆ ಕಟ್ಟಿದೋನು ನಾನೇ ತಾನೆ?"